ಮುಂಫಲಕದ ಬರಹ

ಮನೆಯಲ್ಲಿಯೇ ಸಿಂಥಸೈಜರ್, ಅಂದರೆ ವಿದ್ಯುತ್ ಸಂಕೇತಗಳಿಂದ ನಾದ ಹುಟ್ಟಿಸುವ ವಾದ್ಯವನ್ನು ಕಟ್ಟುವವರು ಮುಂಫಲಕದ ಬರಹವನ್ನು ಕೊನೆಯ ಅಲಂಕಾರವೆಂದು ಬಗೆಯದೆ ಮೊದಲೇ ಯೋಜಿಸಿಕೊಳ್ಳುವುದು ಒಳಿತು. ಬಿಡಿ ಘಟಕಗಳನ್ನು ಒಂದೇ ಚೌಕಟ್ಟಿನಲ್ಲಿ ಜೋಡಿಸುವ ಯೂರೋರ್ಯಾಕ್ ಪದ್ಧತಿಯಲ್ಲಿ ಫಲಕದ ಎತ್ತರ 128.5 ಮಿ.ಮೀ. ಆಗಿದ್ದು, ಅಗಲವನ್ನು ಎಚ್‌ಪಿ ಎಂಬ 5.08 ಮಿ.ಮೀ. ಮಾನದಲ್ಲಿ ಅಳೆಯುವುದರಿಂದ, ನಕ್ಷೆಯನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ತಿರುಗಿಸುವ ನಾಬ್, ತಂತಿ ಸಿಕ್ಕಿಸುವ ಜ್ಯಾಕ್‌ಗಳನ್ನು ಅದರ ಮೇಲಿಟ್ಟು ನೋಡಬೇಕು. ಏಕೆಂದರೆ ರಂಧ್ರಕ್ಕೆ ತೀರ ಹತ್ತಿರವಿರುವ ಅಕ್ಷರಗಳು ನಾಬ್‌ನ ಅಂಚಿನಡಿ ಮರೆಯಾಗುತ್ತವೆ, ಜ್ಯಾಕ್‌ನ ಕೆಳಗಿನವು ಜೋಲುವ ತಂತಿಗಳಿಂದ ಮುಚ್ಚಿಹೋಗುತ್ತವೆ. ಲೇಸರ್ ಮುದ್ರಕದ ಟೋನರನ್ನು, ಎಂದರೆ ಶಾಯಿಪುಡಿಯನ್ನು, ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಅಲ್ಯೂಮಿನಿಯಂ ಫಲಕಕ್ಕೆ ಇಳಿಸುವವರು ಬರಹವನ್ನು ಕನ್ನಡಿಬಿಂಬದಂತೆ ತಿರುಗಿಸಿ ಮುದ್ರಿಸಿಕೊಂಡು, ಲೋಹದ ಜಿಡ್ಡು ತೆಗೆದು, ಅಕ್ಷರಗಳು ಕೂತ ಮೇಲೆ ಪಾರದರ್ಶಕ ವಾರ್ನಿಷನ್ನು ತೆಳುಪದರಗಳಲ್ಲಿ ಸಿಂಪಡಿಸಿದರೆ ಬರಹ ಬೆರಳಿನ ಸವೆತಕ್ಕೆ ಬೇಗ ಅಳಿಯದು.