ಸಹಿ ಹಾಕಿದ ಮೇಲೆ ಒಪ್ಪಂದದ ನಂಬರ್ ಕೇಳಿ

ಮೈಸೂರಿನ ಹೂಟಗಳ್ಳಿಯ ತಾಯಿಯೊಬ್ಬರು ಹೋದ ತಿಂಗಳು ಮಗನನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದರು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ, ಹದಿನಾಲ್ಕು ತಿಂಗಳು ಒಂದು ವರ್ಕ್‌ಷಾಪಿನಲ್ಲಿ 'ಅಪ್ರೆಂಟಿಸ್' ಎಂದುಕೊಂಡೇ ದುಡಿದಿದ್ದಾನೆ. ಸರ್ಟಿಫಿಕೇಟ್ ಕೇಳಿದಾಗ 'ನೀನು ಬರೀ ಟ್ರೈನಿ' ಎಂದು ಕಳಿಸಿದ್ದಾರೆ. ಕೈಯಲ್ಲಿದ್ದದ್ದು ಛಾಪಾ ಕಾಗದದ ಜೆರಾಕ್ಸ್ ಒಂದೇ. ಅಸಲು ಮಾರ್ಕ್ಸ್ ಕಾರ್ಡ್ ಮಾಲೀಕರ ಬೀರುವಿನಲ್ಲಿ.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 14 ತುಂಬಿದವರು ಕೆಲಸ ಕಲಿಯಲು ಸೇರಬಹುದು. ಅಪಾಯಕಾರಿ ಉದ್ಯಮವಾದರೆ 18 ತುಂಬಿರಲೇಬೇಕು. 18ರೊಳಗಿನವರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಮೋಸ ನಡೆಯುವುದು ಇಲ್ಲೇ. ಸಹಿ ಬಿತ್ತು, ಕೆಲಸ ಮುಗಿಯಿತು ಎಂದು ಮನೆಯವರು ನಂಬಿಬಿಡುತ್ತಾರೆ. ಮಾಲೀಕ ಆ ಒಪ್ಪಂದದ ವಿವರಗಳನ್ನು 7 ದಿನಗಳೊಳಗೆ ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ಗೆ ಹಾಕಬೇಕು, ಸರ್ಕಾರದ ಅಧಿಕಾರಿಯಾದ ಅಪ್ರೆಂಟಿಸ್‌ಷಿಪ್ ಸಲಹೆಗಾರರಿಂದ ಅದು ನೋಂದಣಿಯಾಗಬೇಕು. ನೋಂದಣಿ ಇಲ್ಲದಿದ್ದರೆ ಸರ್ಕಾರದ ಪರೀಕ್ಷೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹಾಗಾಗಿ ಮೊದಲ ತಿಂಗಳಲ್ಲೇ ಒಪ್ಪಂದದ ನೋಂದಣಿ ನಂಬರ್ ಕೇಳಿ ಬರೆದುಕೊಳ್ಳಿ. ಪೋರ್ಟಲ್‌ಗೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಏಜೆಂಟ್ ತನ್ನ ನಂಬರ್ ಹಾಕಿದರೆ ಓಟಿಪಿ ಅವನಿಗೆ ಹೋಗುತ್ತದೆ, ಒಪ್ಪಂದ ಏನಾಯಿತು ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಅಸಲು ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಅಸಲನ್ನು ಇಟ್ಟುಕೊಳ್ಳುವ ಅಧಿಕಾರವನ್ನು ಆ ಕಾಯ್ದೆ ಯಾವ ಮಾಲೀಕನಿಗೂ ಕೊಟ್ಟಿಲ್ಲ.

ಸ್ಟೈಪೆಂಡ್ ಯಾರ ದಯೆಯೂ ಅಲ್ಲ. 2019ರ ತಿದ್ದುಪಡಿ ನಿಯಮಗಳು 10ನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ ಗೊತ್ತುಮಾಡಿದವು. ಪೀಸ್ ಲೆಕ್ಕದಲ್ಲಿ ಕೊಡುವಂತಿಲ್ಲ. ಸಲಹೆಗಾರರ ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಮಾಲೀಕನ ಹೊಣೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದು ಮಾತ್ರ ಕಾಯ್ದೆ ಹೇಳುವುದಿಲ್ಲ. ಒಪ್ಪಂದದಲ್ಲೇ ಹಾಗೆ ಬರೆದಿದ್ದರೆ ಆ ಮಾತು ಬೇರೆ.

ಇನ್ನೊಂದು ಮೋಸವೂ ಉಂಟು: ಮೈಸೂರಿನ ಅಶೋಕಪುರಂನ ರೈಲ್ವೆ ವರ್ಕ್‌ಷಾಪಿನ ಅಪ್ರೆಂಟಿಸ್ ಸೀಟಿನ ಹೆಸರಲ್ಲಿ ಲಕ್ಷ ಕೇಳುವವರಿದ್ದಾರೆ. ಅಲ್ಲಿಗೆ ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ ಬೇಕು. ಆಯ್ಕೆ ನಡೆಯುವುದು ಎರಡರ ಅಂಕಗಳ ಮೇಲೆ, ಸಂದರ್ಶನವೇ ಇಲ್ಲ. ಅಂಕಪಟ್ಟಿಯನ್ನು ಯಾವ ದಲ್ಲಾಳಿ ಏನು ಮಾಡಿಯಾನು? ದುಡ್ಡು ಹೋಗುತ್ತದೆ ಅಷ್ಟೆ.

ತಕರಾರು ಎದ್ದರೆ ದೂರನ್ನು ಅಪ್ರೆಂಟಿಸ್‌ಷಿಪ್ ಸಲಹೆಗಾರರಿಗೇ ಬರೆದು ಕೊಡಿ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರವಿರುವ ಕಂಪನಿಯಾದರೆ ದೂರು ಕೇಂದ್ರದ ಸಲಹೆಗಾರರಿಗೆ ಹೋಗಬೇಕು. ಈ ಒಂದು ಮಾತನ್ನು ಹೇಳದೆ 'ನಾಳೆ ಬನ್ನಿ' ಎಂದು ತಿಂಗಳುಗಟ್ಟಲೆ ಅಲೆಸುವ ಗುಮಾಸ್ತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ವೀಕೃತಿ ಇಲ್ಲದೆ ಅರ್ಜಿ ಕೊಟ್ಟು ಬರಬೇಡಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಇರುವುದು 30 ದಿನ ಮಾತ್ರ.

ನೋಂದಣಿಯೇ ಆಗಿಲ್ಲ ಎಂದು ತಡವಾಗಿ ಗೊತ್ತಾದವರಿಗೂ ಒಂದು ದಾರಿಯುಂಟು. ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಅಲ್ಲದವನು ಕೆಲಸ ಮಾಡಿದ್ದರೆ ಅವನು ಕಾರ್ಮಿಕ ಎಂದೇ ವಾದಿಸಿ ಕನಿಷ್ಠ ಕೂಲಿ ಕೇಳಬಹುದು. ಅದಕ್ಕೆ ಪುರಾವೆ ಬೇಕು: ಹಾಜರಿ ಕಾರ್ಡಿನ ಫೋಟೋ, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಸಂದೇಶ, ಬ್ಯಾಂಕ್ ಪಾಸ್‌ಬುಕ್. ಆ ಹುಡುಗನ ಫೋನಿನಲ್ಲಿ ಇವೆಲ್ಲ ಇದ್ದವು. 18ರೊಳಗಿನವರಿಗೆ ಮನೆಯ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.