ಮಂಜಿನ ದಾರಿಗೆ ಮೋಟಾರ್ ಸೈಕಲ್ ದೀಪ: ಯಾವ ಬಲ್ಬು ಹಾಕಬೇಕು?



ಚಳಿಗಾಲದ ಬೆಳಗಿನ ಜಾವ ಎಕಂಬಾದಿಂದ ಔರಾದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವವರಿಗೂ, ತರಕಾರಿ ಹೇರಿಕೊಂಡು ಬೀದರ ಇಲ್ಲವೆ ಭಾಲ್ಕಿ ಪೇಟೆಗೆ ಹೋಗುವವರಿಗೂ ಮಂಜಿನ ಅನುಭವ ಹೊಸದಲ್ಲ. ಹಳ್ಳದ ದಂಡೆಯಲ್ಲಿ, ನೀರುಣಿಸಿದ ಹೊಲದ ಮಗ್ಗುಲಲ್ಲಿ ಅದು ಇನ್ನೂ ದಟ್ಟವಾಗಿರುತ್ತದೆ. ಕಬ್ಬಿನ ಟ್ರಾಲಿಗಳು ರಸ್ತೆಗೆ ಇಳಿಯುವುದೂ ಅದೇ ಕಾಲಕ್ಕೆ. ಹಿಂದೆ ಕೆಂಪು ದೀಪವಿಲ್ಲದ ಟ್ರಾಲಿಯೊಂದು ಕೆಟ್ಟು ನಿಂತಿದ್ದರೆ ತೀರ ಹತ್ತಿರ ಬಂದಾಗಲೇ ಕಾಣುತ್ತದೆ. ಆಗ ಪ್ರಾಣ ಉಳಿಸುವವು ಎರಡು: ಸರಿಯಾದ ದೀಪ ಮತ್ತು ಹಿಡಿತದಲ್ಲಿರುವ ವೇಗ.

ಹೆಚ್ಚು ವ್ಯಾಟಿನ ಬಲ್ಬು ಹಾಕಬಹುದೆ?

"ಬೆಳಕು ಸಾಲದು, ದೊಡ್ಡ ಬಲ್ಬು ಹಾಕು" ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ಇದು ಸರಿಯಲ್ಲ. ನಮ್ಮ ಕಡೆ ಹೆಚ್ಚಾಗಿ ಓಡಾಡುವ 100 ಸಿ.ಸಿ. ಗಾಡಿಗಳಲ್ಲಿ ಅನೇಕಕ್ಕೆ 12 ವೋಲ್ಟಿನ 35/35 ವ್ಯಾಟ್ ಹ್ಯಾಲೊಜೆನ್ ಬಲ್ಬು ಇರುತ್ತದೆ. ಅದಕ್ಕೆ ಸುಮಾರು 3 ಆಂಪಿಯರ್ ವಿದ್ಯುತ್ತು ಸಾಕು. 60 ವ್ಯಾಟಿನ ಬಲ್ಬಿಗೆ 5 ಆಂಪಿಯರ್ ಬೇಕು. ಆಗ ಅದೇ ವೈರಿನಲ್ಲಿ ಹುಟ್ಟುವ ಶಾಖ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಹೋಲ್ಡರ್ ಕರಗಬಹುದು, ವೈರು ಸುಡಬಹುದು, ಬ್ಯಾಟರಿ ಇಳಿಯಬಹುದು. ನಡುದಾರಿಯಲ್ಲಿ ದೀಪವೇ ಆರಿದರೆ ಗತಿಯೇನು?

ಬಿಳಿ ಎಲ್.ಇ.ಡಿ. ಬಲ್ಬು

ಹ್ಯಾಲೊಜೆನ್ ಬಲ್ಬಿನೊಳಗೆ ಅಪ್ಪರ್‌ಗೆ ಒಂದು, ಡಿಪ್ಪರ್‌ಗೆ ಒಂದು, ಹೀಗೆ ಎರಡು ತಂತಿಗಳಿರುತ್ತವೆ. ಎಚ್.ಎಸ್.1 ಎಂಬ ಜಾತಿಯ ಬಲ್ಬಿನಲ್ಲಿ ಡಿಪ್ಪರ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು ಉಂಟು. ಬೆಳಕು ಮೇಲಕ್ಕೆ ಚೆಲ್ಲದೆ ರಸ್ತೆಗೆ ಬೀಳುವುದು ಅದರಿಂದಲೇ. ದೀಪದೊಳಗಿನ ಕನ್ನಡಿಯನ್ನೂ ಈ ತಂತಿಗಳ ಜಾಗಕ್ಕೆ ಸರಿಯಾಗಿ ಮಾಡಿರುತ್ತಾರೆ. ಅಲ್ಲಿ ಅಗ್ಗದ ಎಲ್.ಇ.ಡಿ. ಬಲ್ಬು ತುರುಕಿದರೆ ಬೆಳಕು ಹುಟ್ಟುವ ಜಾಗ ತಪ್ಪುತ್ತದೆ, ಎತ್ತಲೆಂದರತ್ತ ಚೆಲ್ಲುತ್ತದೆ. ಎದುರಿನವನ ಕಣ್ಣು ಕುಕ್ಕುತ್ತದೆ, ನಮಗೆ ರಸ್ತೆ ಕಾಣದು. ಕಂಪನಿಯಿಂದಲೇ ಎಲ್.ಇ.ಡಿ. ದೀಪ ಬಂದ ಗಾಡಿಗೆ ಈ ಮಾತು ಅನ್ವಯಿಸದು.

ಹಳದಿ ಬೆಳಕು ಮಂಜನ್ನು ಸೀಳುವುದೆ?

ಹಾಗೆಂದು ಬಹು ಕಾಲದ ನಂಬಿಕೆ. ಫ್ರಾನ್ಸ್ ದೇಶದಲ್ಲಿ 1993ರವರೆಗೆ ಹಳದಿ ದೀಪವೇ ಕಡ್ಡಾಯವಾಗಿತ್ತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಅದು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚೆದುರಿಸುತ್ತದೆ. ಹಳದಿ ಬೆಳಕಿನಿಂದ ಕಣ್ಣು ಕುಕ್ಕುವುದು ಕೊಂಚ ಕಡಿಮೆ, ಅಷ್ಟೇ. ಗಾಜಿಗೆ ಹಳದಿ ಹಾಳೆ ಅಂಟಿಸಿದರಂತೂ ಇದ್ದ ಬೆಳಕೂ ತಗ್ಗುತ್ತದೆ. ಮಾಮೂಲಿ ಹ್ಯಾಲೊಜೆನ್ ಬೆಳಕು ತಾನೇ ಕೊಂಚ ಹಳದಿ ಛಾಯೆಯದು, ಅದು ಸಾಕು.

ಮಂಜಿನಲ್ಲಿ ಡಿಪ್ಪರ್ ಏಕೆ?

ರಾಶಿ ಮಾಡುವಾಗ ಎದ್ದ ಹೊಟ್ಟಿನ ದೂಳಿಗೆ ರಾತ್ರಿ ಬ್ಯಾಟರಿ ಬಿಟ್ಟು ನೋಡಿರಿ. ದೂಳೇ ಬೆಳಗುತ್ತದೆ, ಆಚೆ ನಿಂತ ಎತ್ತು ಕಾಣದು. ಮಂಜಿನಲ್ಲಿ ಅಪ್ಪರ್ ಹಾಕಿದಾಗಲೂ ಹೀಗೆಯೇ. ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಂದು ಬಿಳಿ ಗೋಡೆಯಂತಾಗುತ್ತದೆ. ಡಿಪ್ಪರ್ ಹಾಕಿದರೆ ಹತ್ತಿರದ ರಸ್ತೆಯೂ ಅದರ ಅಂಚೂ ಕಾಣುತ್ತವೆ.

ಮಾಡತಕ್ಕ ಕೆಲಸಗಳು

1. ಅಂಗಡಿಗೆ ಹಳೆಯ ಬಲ್ಬನ್ನು ಒಯ್ಯಿರಿ. ಅದೇ ಜಾತಿ, ಅದೇ ವೋಲ್ಟ್, ಅದೇ ವ್ಯಾಟ್ ಕೇಳಿ ಕೊಳ್ಳಿರಿ.

2. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಕೂಡದು. ಬೆರಳಿನ ಜಿಡ್ಡು ಅಂಟಿದ ಕಡೆ ಹೆಚ್ಚು ಕಾಯ್ದು ಬಲ್ಬು ಬೇಗ ಕೆಡುತ್ತದೆ. ಶುಭ್ರವಾದ ಒಣ ಬಟ್ಟೆಯಿಂದ ಹಿಡಿಯಿರಿ.

3. ದೀಪದ ಗಾಜನ್ನು ಆಗಾಗ ತೊಳೆಯಿರಿ. ಒಳಗಿನ ಕನ್ನಡಿ ಮಂಕಾಗಿದ್ದರೆ ಹೊಸ ಬಲ್ಬಿನಿಂದ ಪ್ರಯೋಜನವಿಲ್ಲ, ಕನ್ನಡಿಯನ್ನೇ ಬದಲಿಸಬೇಕು.

4. ಸಮನೆಲದಲ್ಲಿ ಗೋಡೆಗೆ 8 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ದೀಪದ ನಡುವಿನ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಡಿಪ್ಪರ್ ಹಾಕಿದಾಗ ಬೆಳಕಿನ ಮೇಲಂಚು ಗೆರೆಗಿಂತ ಕೊಂಚ ಕೆಳಗಿರಬೇಕು. ನಿತ್ಯ ಒಯ್ಯುವ ಕ್ಯಾನು ಕಟ್ಟಿ, ಗಾಡಿಯ ಮೇಲೆ ಕುಳಿತೇ ಇದನ್ನು ನೋಡಬೇಕು. ಏಕೆಂದರೆ ಹಿಂದೆ ಭಾರ ಬಿದ್ದರೆ ಮುಂಭಾಗ ಎದ್ದು ಬೆಳಕು ಆಕಾಶ ನೋಡುತ್ತದೆ.

5. ಟ್ರ್ಯಾಕ್ಟರ್ ಉಳ್ಳವರು ಟ್ರಾಲಿಯ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಹಚ್ಚಿರಿ. ಜೋತುಬಿದ್ದ ಕಬ್ಬು ಅದನ್ನು ಮುಚ್ಚದಂತೆ ನೋಡಿಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯವಾದುದು

ಒಣ ರಸ್ತೆಯಲ್ಲಿ, ಬ್ರೇಕು ಚೆನ್ನಾಗಿದ್ದರೂ, ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ನಿಲ್ಲಲು ಸುಮಾರು 40 ಮೀಟರ್ ಬೇಕು. 30 ಕಿಲೋಮೀಟರ್ ವೇಗದಲ್ಲಿ ಸುಮಾರು 15 ಮೀಟರ್ ಸಾಕು. ದಟ್ಟ ಮಂಜಿನಲ್ಲಿ 20 ಮೀಟರ್ ಆಚೆ ಏನೂ ಕಾಣದಿದ್ದಾಗ ಮೊದಲನೆಯವನು ಟ್ರಾಲಿಗೆ ಬಡಿಯುತ್ತಾನೆ, ಎರಡನೆಯವನು ಅದರ ಹಿಂದೆ ನಿಲ್ಲುತ್ತಾನೆ. ಈ ಅಂತರವನ್ನು ಯಾವ ಬಲ್ಬೂ ತುಂಬಿಕೊಡಲಾರದು. ಇಬ್ಬನಿಗೆ ರಸ್ತೆ ಒದ್ದೆಯಾಗಿದ್ದರೆ ವೇಗವನ್ನು ಇನ್ನೂ ತಗ್ಗಿಸಬೇಕು. ಕಾಣುವಷ್ಟು ದೂರದೊಳಗೆ ನಿಲ್ಲುವಂತಿದ್ದರೆ ಮಾತ್ರ ಆ ವೇಗ ತಕ್ಕದ್ದು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಹಾಲು ಕಾಲು ಗಂಟೆ ತಡವಾಗಿ ಡೇರಿಗೆ ಮುಟ್ಟಲಿ. ಮನೆಯವರು ಕಾಯುತ್ತಿರುವುದು ನಿಮ್ಮನ್ನು.