ಎರಡನೇ ಸಲ ಗೆದ್ದವರ ಕಿವಿಗೊಂದು ಮಾತು

ಸಾರ್ವಜನಿಕ ಬದುಕಿಗೆ ಇಳಿಯುವ ಆಸೆ ಇಟ್ಟುಕೊಂಡಿರುವ ಹುಡುಗ ಹುಡುಗಿಯರೇ, ಚುನಾವಣೆ ಗೆಲ್ಲುವುದು ಹೇಗೆಂದು ಹೇಳಿಕೊಡುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ಗೆದ್ದ ಮೇಲೆ, ಅದರಲ್ಲೂ ಎರಡನೇ ಸಲ ಗೆದ್ದ ಮೇಲೆ, ಹೇಗೆ ನಡೆದುಕೊಳ್ಳಬೇಕೆಂದು ಹೇಳುವವರು ಕಡಿಮೆ. ಗೆದ್ದೆತ್ತಿನ ಬಾಲ ಹಿಡಿಯುವವರೇ ಸುತ್ತ ತುಂಬಿರುವಾಗ ಬುದ್ಧಿ ಹೇಳಿ ನಿಷ್ಠುರ ಕಟ್ಟಿಕೊಳ್ಳುವುದು ಯಾರಿಗೆ ಬೇಕು? ನನ್ನ ವಯಸ್ಸಿಗೆ ಆ ಅಂಜಿಕೆ ಇಲ್ಲ. ಆದ್ದರಿಂದ ಅಮೆರಿಕದ ಪಿಟ್ಸ್‌ಬರ್ಗ್‌ನ ಒಬ್ಬ ತರುಣ ಮೇಯರ್ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

2006ರ ಸೆಪ್ಟೆಂಬರ್ 1ರಂದು ಆ ನಗರದ ಮೇಯರ್ ಬಾಬ್ ಓಕಾನರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ನಗರ ಸಭೆಯ ಅಧ್ಯಕ್ಷರಾಗಿದ್ದ ಲ್ಯೂಕ್ ರೇವನ್‌ಸ್ಟಾಲ್ ನಿಯಮದಂತೆ ಆ ಕುರ್ಚಿಗೆ ಬಂದರು. ವಯಸ್ಸು 26. ಮರುವರ್ಷ ಉಳಿದ ಅವಧಿಯ ಚುನಾವಣೆ ಗೆದ್ದರು. 2009ರ ನವೆಂಬರ್‌ನಲ್ಲಿ ಪೂರ್ತಿ ನಾಲ್ಕು ವರ್ಷಕ್ಕೆ ಮತ್ತೆ ಗೆದ್ದರು. ಮೈಸೂರಿನಲ್ಲೋ ಹುಬ್ಬಳ್ಳಿ-ಧಾರವಾಡದಲ್ಲೋ ಒಂದು ವರ್ಷ ಗೌನು ತೊಟ್ಟು ಇಳಿಯುವ ಮೇಯರ್ ಹುದ್ದೆಯಂತಲ್ಲ ಅದು. ಅಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಬಜೆಟ್ ಮಂಡಿಸುವವರೂ ಪೊಲೀಸ್ ಮುಖ್ಯಸ್ಥರನ್ನು ನೇಮಿಸುವವರೂ ಅವರೇ. ಎಲ್ಲವನ್ನೂ ಕಮಿಷನರ್ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ.

ಅವರ ಗೆಲುವು ಬರೀ ಅದೃಷ್ಟದ್ದಾಗಿರಲಿಲ್ಲ. ನಗರದ ಸರಕಾರಿ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಕಾಲೇಜು ಶುಲ್ಕಕ್ಕೆ ನೆರವಾಗುವ ‘ಪಿಟ್ಸ್‌ಬರ್ಗ್ ಪ್ರಾಮಿಸ್’ ಯೋಜನೆ ಅವರ ಕಾಲದ್ದು. 2009ರ ಜಿ-20 ಶೃಂಗಸಭೆಯೂ ಅಲ್ಲೇ ನಡೆಯಿತು. ಆದರೆ ಖಜಾನೆಯ ಸ್ಥಿತಿ ಬೇರೆಯೇ ಇತ್ತು. 1950ರಲ್ಲಿ 6.76 ಲಕ್ಷ ಜನರಿದ್ದ ಊರು, ಉಕ್ಕಿನ ಕಾರ್ಖಾನೆಗಳು ಮುಚ್ಚಿ, ಜನ ಹೊರವಲಯಗಳಿಗೆ ಹೋಗಿ, 2010ರ ಹೊತ್ತಿಗೆ ಸುಮಾರು 3 ಲಕ್ಷಕ್ಕೆ ಇಳಿದಿತ್ತು. ತೆರಿಗೆ ಕಟ್ಟುವವರು ಕರಗಿದರು, ದೊಡ್ಡ ಊರಿನ ಕಾಲದಲ್ಲಿ ದುಡಿದವರ ಪಿಂಚಣಿಯ ಹೊರೆ ಮಾತ್ರ ಹಾಗೇ ಉಳಿಯಿತು. ಪಿಂಚಣಿ ನಿಧಿಯಲ್ಲಿ ಇರಬೇಕಾದ ಹಣದ ಅರ್ಧವೂ ಇರಲಿಲ್ಲ. 2010ರ ಕೊನೆಯೊಳಗೆ ಅರ್ಧಕ್ಕಾದರೂ ಮುಟ್ಟಿಸದಿದ್ದರೆ ರಾಜ್ಯವೇ ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದೆಂದು ಕಾನೂನು ಬಂತು.

ಗೆದ್ದ ತಿಂಗಳಲ್ಲೇ ಮೇಯರ್ ಒಂದು ಪ್ರಸ್ತಾವ ತಂದರು: ಕಾಲೇಜು ವಿದ್ಯಾರ್ಥಿಗಳು ಕಟ್ಟುವ ಶುಲ್ಕದ ಮೇಲೆ ಶೇ 1 ತೆರಿಗೆ. ಅದರಿಂದ ವರ್ಷಕ್ಕೆ ಸುಮಾರು 1.6 ಕೋಟಿ ಡಾಲರ್ ಬರುವ ಅಂದಾಜಿತ್ತು. ವಿಶ್ವವಿದ್ಯಾಲಯಗಳ ಜಮೀನಿಗೆ ಆಸ್ತಿ ತೆರಿಗೆ ಇಲ್ಲ, ಅಲ್ಲಿನವರಿಗೆ ರಸ್ತೆ, ಪೊಲೀಸು, ಅಗ್ನಿಶಾಮಕ ದಳ ಎಲ್ಲ ಬೇಕು ಎಂಬುದು ಅವರ ವಾದ. ವಾದ ಪೊಳ್ಳಾಗಿರಲಿಲ್ಲ. ಆದರೂ ವಿದ್ಯಾರ್ಥಿಗಳು ಬೀದಿಗಿಳಿದರು, ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳು ಸ್ವಇಚ್ಛೆಯಿಂದ ಹಣ ಕೊಡಲು ಒಪ್ಪಿದವು, ತೆರಿಗೆಯನ್ನು ಕೈಬಿಡಲಾಯಿತು. ಇದರಿಂದ ಕಲಿಯಬೇಕಾದದ್ದಿಷ್ಟು: ಕೊನೆಗೆ ಕೂತು ಮಾತಾಡಿಯೇ ಬಗೆಹರಿಯುವ ವಿಷಯವಾದರೆ, ಕೂತು ಮಾತಾಡಿಯೇ ಶುರು ಮಾಡಿ. ಜನರ ಜೇಬಿಗೆ ಕೈ ಹಾಕುವ ಮಾತಿದ್ದರೆ ಮತ ಕೇಳುವಾಗಲೇ ಹೇಳಿ. ಮತ ಒಂದಿಷ್ಟು ಕಡಿಮೆಯಾದರೂ ಆಗ ಗಳಿಸಿದ ಒಪ್ಪಿಗೆ ಗಟ್ಟಿಯಾದದ್ದು.

2010ರ ಫೆಬ್ರುವರಿ ಮೊದಲ ವಾರ ಪಿಟ್ಸ್‌ಬರ್ಗ್‌ನಲ್ಲಿ ಸುಮಾರು 21 ಇಂಚು ಹಿಮ ಸುರಿಯಿತು. ಮೇಯರ್ ತಮ್ಮ 30ನೇ ಹುಟ್ಟುಹಬ್ಬಕ್ಕೆಂದು ಊರಾಚೆಯ ಸ್ಕೀ ರೆಸಾರ್ಟ್‌ಗೆ ಹೋಗಿದ್ದರು, ಹಿಮದಲ್ಲಿ ಅಲ್ಲೇ ಸಿಕ್ಕಿಕೊಂಡರು. ಎಷ್ಟೋ ಬೀದಿಗಳ ಹಿಮ ದಿನಗಟ್ಟಲೆ ತೆರವಾಗಲಿಲ್ಲ. ಹುಟ್ಟುಹಬ್ಬ ಮಾಡಿಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ, ತರುಣರಿಗೆ ಮನೆ-ಮಕ್ಕಳು-ಸ್ನೇಹಿತರು ಬೇಕು. ಆದರೆ ಊರು ಬಿಡುವ ಮುನ್ನ ನಿಮ್ಮ ಜಾಗದಲ್ಲಿ ನಿಂತು ಆಜ್ಞೆ ಕೊಡುವವರು ಯಾರೆಂಬುದು ಜನರಿಗೆ ಗೊತ್ತಿರಬೇಕು. ನಿಮ್ಮ ದೊಡ್ಡ ಯೋಜನೆಗಳನ್ನು ಜನ ಮರೆಯಬಹುದು. ಆಂಬುಲೆನ್ಸ್ ಬಾರದ ರಾತ್ರಿಯನ್ನು ಮರೆಯುವುದಿಲ್ಲ.

ಪಿಂಚಣಿಗೆ ಹಣ ಹೊಂದಿಸಲು ನಗರದ ಪಾರ್ಕಿಂಗ್ ಕಟ್ಟಡಗಳನ್ನೂ ಮೀಟರುಗಳನ್ನೂ 50 ವರ್ಷ ಖಾಸಗಿಯವರಿಗೆ ಗುತ್ತಿಗೆ ಕೊಡುವುದು ಮೇಯರ್ ಯೋಚನೆ. 45 ಕೋಟಿ ಡಾಲರ್ ದಾಟಿದ ಬಿಡ್ ಬಂತು. ಅಷ್ಟರಲ್ಲಿ ಷಿಕಾಗೊ ತನ್ನ ಮೀಟರುಗಳನ್ನು 75 ವರ್ಷಕ್ಕೆ ಗುತ್ತಿಗೆ ಕೊಟ್ಟು, ದರ ಏರಿ, ಜನರ ಸಿಟ್ಟಿಗೆ ಗುರಿಯಾಗಿತ್ತು. ಪಿಟ್ಸ್‌ಬರ್ಗ್‌ನ ನಗರ ಸಭೆ 2010ರ ಅಕ್ಟೋಬರ್‌ನಲ್ಲಿ ಬಿಡ್ ತಿರಸ್ಕರಿಸಿತು, ಮುಂದಿನ ವರ್ಷಗಳ ಪಾರ್ಕಿಂಗ್ ತೆರಿಗೆಯನ್ನು ಪಿಂಚಣಿಗೆ ಮೀಸಲಿಡುವ ದಾರಿ ಹಿಡಿಯಿತು. ಸಭೆಯ ಅಷ್ಟೂ ಸದಸ್ಯರು ಮೇಯರ್ ಪಕ್ಷದವರೇ ಎಂಬುದನ್ನು ಗಮನಿಸಿ. ನಿಮ್ಮನ್ನು ಗೆಲ್ಲಿಸಿದ ಜನರೇ ಅವರನ್ನೂ ಗೆಲ್ಲಿಸಿರುತ್ತಾರೆ. ‘ನನಗೆ ಜನಾದೇಶವಿದೆ’ ಎಂದು ಅವರ ಮುಂದೆ ಎದೆ ತಟ್ಟಿಕೊಂಡರೆ ‘ನಮಗೂ ಇದೆ’ ಎನ್ನುತ್ತಾರೆ. ಅವರ ಪ್ರಶ್ನೆಗಳನ್ನು ಅಡ್ಡಗಾಲು ಎಂದು ತಿಳಿಯದೆ, ಷಿಕಾಗೊದಂಥ ಗುಂಡಿ ತೋರಿಸುವ ಕಣ್ಣು ಎಂದು ತಿಳಿಯಿರಿ.

ಇನ್ನೊಂದು ಮಾತು, ನೀವು ಆರಿಸಿಕೊಳ್ಳುವ ಜನರ ಬಗ್ಗೆ. ರೇವನ್‌ಸ್ಟಾಲ್ ನೇಮಿಸಿದ್ದ ಪೊಲೀಸ್ ಮುಖ್ಯಸ್ಥ ನೇಥನ್ ಹಾರ್ಪರ್ 2013ರಲ್ಲಿ ಹುದ್ದೆ ಬಿಡಬೇಕಾಯಿತು. ಸಾರ್ವಜನಿಕ ಹಣ ಸ್ವಂತಕ್ಕೆ ಬಳಸಿದ ತಪ್ಪನ್ನು ಒಪ್ಪಿಕೊಂಡು ಅವರು ಜೈಲಿಗೆ ಹೋದರು. ಮೇಯರ್ ಮೇಲೆ ಯಾವ ಆರೋಪವೂ ದಾಖಲಾಗಲಿಲ್ಲ. ಆದರೂ ಆ ವರ್ಷದ ಮಾರ್ಚ್‌ನಲ್ಲಿ, ಕುಟುಂಬ ಪಡುತ್ತಿರುವ ಕಷ್ಟವನ್ನು ಹೇಳಿ, ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ಆಗ ಅವರಿಗೆ 33 ವರ್ಷ. ಎಷ್ಟೋ ಜನ ರಾಜಕೀಯ ಶುರು ಮಾಡುವ ವಯಸ್ಸು.

ಮೊದಲ ಅವಧಿಯಲ್ಲಿ ಎಡವಿದರೆ ಜನ ‘ಹುಡುಗ, ಕಲಿಯುತ್ತಾನೆ’ ಅನ್ನುತ್ತಾರೆ, ಹಿಂದಿನವರ ಸಾಲವನ್ನು ಹಿಂದಿನವರ ಲೆಕ್ಕಕ್ಕೇ ಬರೆಯುತ್ತಾರೆ. ಎರಡನೇ ಅವಧಿಯಲ್ಲಿ ಆ ರಿಯಾಯಿತಿ ಮುಗಿಯಿತು. ಹಳೆಯ ಸಾಲವೂ ಈಗ ನಿಮ್ಮದೇ. ಮರುಗೆಲುವನ್ನು ಬಹುಮಾನವೆಂದು ಬಗೆಯುವವರು ಎಡವುವುದು ಇಲ್ಲಿಯೇ.

ನಾಳೆ ನೀವೂ ಮತ ಕೇಳಲು ಹೊರಡುವವರು. ಹೊರಡುವ ಮೊದಲು ನಿಮ್ಮ ಊರಿನ ಪಾಲಿಕೆಯದೋ ಪಂಚಾಯಿತಿಯದೋ ಬಜೆಟ್ ಪುಸ್ತಕ ತಂದು ಮೊದಲ ಪುಟದಿಂದ ಕೊನೆಯವರೆಗೆ ಓದಿ. ಬಾಕಿ ಎಷ್ಟಿದೆ, ಯಾರಿಗೆ ಕೊಡಬೇಕು, ಎಲ್ಲಿಂದ ತರುತ್ತೀರಿ ಎಂದು ಜನರೆದುರು ಹೇಳಲು ಸಾಧ್ಯವಾದಾಗ ಮಾತ್ರ ಅವರ ಬಾಗಿಲು ತಟ್ಟಿ.